ದಾರಿಗೆ ಹಾಕಿದ ದುಡ್ಡು

ನ್ಯಾಮತಿಯಲ್ಲಿ ನಾವು ಬಾಡಿಗೆಗಿದ್ದ ಮನೆ ಮೊದಲು ಒಣಮೆಣಸಿನಕಾಯಿಯ ಗೋದಾಮಾಗಿತ್ತು. ನಡುವೆ ಆಳೆತ್ತರದ ಇಟ್ಟಿಗೆ ಗೋಡೆ ಎತ್ತಿ, ಒಂದು ಕಡೆ ನಮ್ಮನ್ನೂ ಇನ್ನೊಂದು ಕಡೆ ಚೀಲಗಳನ್ನೂ ಇಟ್ಟಿದ್ದರು. ಗೋಡೆ ಸೂರಿಗೆ ಮುಟ್ಟುತ್ತಿರಲಿಲ್ಲ. ಹಮಾಲರು ಚೀಲ ಒಗೆದಾಗಲೆಲ್ಲ ಘಾಟು ಮೇಲಿನಿಂದ ಹಾರಿ ಬಂದು ನಮ್ಮ ತಟ್ಟೆಗೆ, ಹಾಸಿಗೆಗೆ, ಕಣ್ಣಿಗೆ ಇಳಿಯುತ್ತಿತ್ತು. ಉಣ್ಣುತ್ತ ಸೀನುವುದು, ಓದುತ್ತ ಕೆಮ್ಮುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಬೇರೆಯವರ ಮನೆಯಲ್ಲಿ ಜನ ಸುಮ್ಮನೆ ಉಸಿರಾಡುವುದನ್ನು ಕಂಡು ನನಗೇ ಸೋಜಿಗವಾಗುತ್ತಿತ್ತು. ಗೋದಾಮಿನ ಒಡೆಯರು ಹಾಲಪ್ಪನವರು, ಮೆಣಸಿನಕಾಯಿ ಮತ್ತು ಶೇಂಗಾ ವ್ಯಾಪಾರದ ಶಿವಭಕ್ತರು. ಊರವರಿಗೆ ಸಾವ್ಕಾರರು. ಅವರ ಮನೆ ಅಂಗಳದ ಆಚೆ, ಎತ್ತರದ ಕಟ್ಟೆಯ ಮೇಲಿತ್ತು. ನಮ್ಮಂಥವರಿಗೆ ಆ ಬೀದಿಯಲ್ಲಿ ಬಾಡಿಗೆಗೆ ಜಾಗ ಕೊಡುವವರು ಇರಲಿಲ್ಲ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ತಿಂಗಳಿಗೆ ಸಂಬಳ ಬರುತ್ತದೆ, ಕುಡಿಯುವುದಿಲ್ಲ ಎಂದು ವಿಚಾರಿಸಿಕೊಂಡ ಮೇಲೆ ಹಾಲಪ್ಪನವರು ಒಪ್ಪಿದ್ದರು. ಒಪ್ಪುವಾಗ ಅವರು ಹೇಳಿದ ಮಾತನ್ನು ಅಪ್ಪ ಎಷ್ಟೋ ಸಲ ನಮಗೆ ಹೇಳಿ ತೋರಿಸುತ್ತಿದ್ದ.

"ನೀವೀಗ ಬುದ್ಧನ ಕಡೆಯವರು ಆಗೀರಂತೆ, ಒಳ್ಳೇದೇ ಆತು ಬಿಡ್ರಿ. ಆದ್ರೂ ಬಾವಿಗೆ ಮಾತ್ರ ನೀವು ಹಗ್ಗ ಬಿಡಬ್ಯಾಡ್ರಿ. ನಮ್ಮ ಮನೇರು ಸೇದಿ ಹಾಕ್ತಾರೆ."

ಅವರ ಮನೆಯವರು, ಅಂದರೆ ಹೆಂಡತಿ ಗಿರಿಜಮ್ಮ, ದಿನಾ ಬೆಳಿಗ್ಗೆ ನೀರು ಸೇದಿ ಮೇಲಿನಿಂದ ನಮ್ಮ ಕೊಡಕ್ಕೆ ಸುರಿಯುತ್ತಿದ್ದರು. ಅವ್ವ ಕೆಳಗೆ ಕೊಡ ಹಿಡಿದು ಕೂತಿರುತ್ತಿದ್ದಳು. ಇಬ್ಬರೂ ಮಾತಾಡುತ್ತಲೇ ಇರುತ್ತಿದ್ದರು. ಒಬ್ಬರ ಸೀರೆ ಇನ್ನೊಬ್ಬರಿಗೆ ತಾಕದಷ್ಟು ದೂರವನ್ನು ಇಬ್ಬರೂ ಕಣ್ಣಲ್ಲೇ ಅಳೆದುಕೊಂಡಿದ್ದರು.

ನಮ್ಮ ಮನೆಯಲ್ಲಿ ಜಗಳ ನಡೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ಬೇಸಿಗೆ ರಜೆ ಹತ್ತಿರ ಬಂದಾಗ. ಅಪ್ಪನಿಗೆ ಊರು ನೋಡುವ ಹುಚ್ಚು. ಹುಚ್ಚು ಎನ್ನುವುದು ಅವ್ವನ ಮಾತು. ಅಪ್ಪ ಹುಟ್ಟಿದ್ದು ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಚಹದಂಗಡಿಯಲ್ಲಿ ನಮ್ಮವರ ಗ್ಲಾಸು ಹೊರಗಿನ ಗೂಟಕ್ಕೆ ಸಿಕ್ಕಿಸಿರುತ್ತಿತ್ತು; ಕುಡಿದು ತೊಳೆದು ಮತ್ತೆ ಅಲ್ಲಿಗೇ ಸಿಕ್ಕಿಸಬೇಕು. ಟ್ರೇನಿಂಗಿಗೆಂದು ಮೊದಲ ಸಲ ರೈಲು ಹತ್ತಿದಾಗ ಪಕ್ಕದಲ್ಲಿ ಕೂತ ಯಾರೋ ಮರಾಠಿ ಮುದುಕ ತನ್ನ ಬುತ್ತಿ ಬಿಚ್ಚಿ, ಏನೂ ಕೇಳದೆ ಅರ್ಧ ರೊಟ್ಟಿ ಅಪ್ಪನ ಕೈಗಿಟ್ಟನಂತೆ. ಆ ರೊಟ್ಟಿಯ ಋಣ ತೀರಿಸುವವನಂತೆ ಅಪ್ಪ ಆಮೇಲೆ ಬದುಕಿನುದ್ದಕ್ಕೂ ರೈಲ್ವೆಗೆ ದುಡ್ಡು ಕೊಟ್ಟ. ಒಂದು ವರ್ಷ ನಮ್ಮ ಜನರ ಜೊತೆ ಲಾರಿಯಲ್ಲಿ ನಾಗಪುರಕ್ಕೆ ಹೋಗಿ ಬುದ್ಧನ ಪಟ ತಂದ. ಮುಂದಿನ ವರ್ಷ ಅವ್ವನನ್ನೂ ನನ್ನನ್ನೂ ಕಟ್ಟಿಕೊಂಡು ಅಜಂತಾಕ್ಕೆ ಹೊರಟ. ಬಸ್ಸು, ರೈಲು, ಮತ್ತೊಂದು ರೈಲು. ದಾರಿಯಲ್ಲಿ ಹೋಟೆಲು ಬಂದರೆ ಅಪ್ಪ ಒಳಗೆ ಹೋಗಿ ನಟ್ಟನಡುವಿನ ಮೇಜನ್ನೇ ಹುಡುಕುತ್ತಿದ್ದ. ಬಾಗಿಲಿಗೆ ಮುಖ ಮಾಡಿ ನಮ್ಮನ್ನು ಕೂರಿಸಿ, ಮಾಣಿಯನ್ನು ದೊಡ್ಡ ದನಿಯಲ್ಲಿ ಕರೆದು, ಬೇಕಿದ್ದದ್ದು ಬೇಡದ್ದು ಎಲ್ಲ ತರಿಸುತ್ತಿದ್ದ. ನ್ಯಾಮತಿಯಲ್ಲಿ ಮೆತ್ತಗೆ ಮಾತಾಡುವ ಅಪ್ಪನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದೇ ಪರವೂರಿನಲ್ಲಿ.

ಅವ್ವನಿಗೆ ಇದು ಯಾವುದೂ ಒಗ್ಗಲಿಲ್ಲ. ಅವಳು ಚನ್ನಗಿರಿ ಕಡೆಯ ಉಬ್ರಾಣಿಯವಳು. ಅವಳಪ್ಪ ಕೂಲಿಗಾಗಿ ಊರಿಂದೂರಿಗೆ ಸಂಸಾರ ಹೊತ್ತು ತಿರುಗಿದವನು. ಒಂದೂರಿನಲ್ಲಿ ಒಲೆ ಹೂಡಿ ಮಣ್ಣು ಆರುವ ಮೊದಲೇ ಗುಡಿಸಲು ಕೀಳಬೇಕಾಗಿ ಬಂದದ್ದನ್ನು ಅವಳು ಕಂಡಿದ್ದಳು. ಊರು ಬಿಡುವುದೆಂದರೆ ಅವಳಿಗೆ ತಲೆಯ ಮೇಲೆ ಮಡಕೆ, ಹಿಂದೆ ಯಾರದೋ ಬೈಗುಳ. ಅವಳಿಗೆ ಬೇಕಾಗಿದ್ದದ್ದು ಚನ್ನಗಿರಿಯಲ್ಲಿ ಒಂದು ಸೈಟು. ರಜೆ ಬಂತೆಂದರೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಶುರುಮಾಡುತ್ತಿದ್ದಳು.

"ನಮ್ಮಪ್ಪ ಎಷ್ಟೂರು ತಿರುಗ್ಯಾನೆ ಅಂತ ಕೇಳ್ರಿ. ಯಾವೂರಾಗೂ ಒಂದು ಗ್ವಾಡೀನ ನಂದು ಅನ್ನಾಕೆ ಆಗಲಿಲ್ಲ. ನೀವು ಸಂಬಳ ತಗಂಡೂ ಹಂಗೇ ಮಾಡ್ತೀರಲ್ಲ!"

"ಗ್ವಾಡಿ ಕಟ್ಟಿದ್ರೆ ಅದರಾಚೆ ಯಾರು ಇರ್ತಾರೆ? ಇವರೇ ಇರ್ತಾರೆ. ಅಜಂತಾಕ್ಕೆ ಹೋಗೋವಾಗ ರೈಲಿನಾಗೆ ಒಬ್ಬ ಹೆಂಗಸು ತನ್ನ ಕೂಸನ್ನ ನಿನ್ನ ತೊಡೆ ಮ್ಯಾಲೆ ಮಲಗಿಸಿ ನೀರು ತರಾಕೆ ಹೋದ್ಲಲ್ಲ, ಇಲ್ಲಿ ಯಾರು ಮಲಗಿಸ್ತಾರೆ ಹೇಳು."

"ಆ ಕೂಸಿನ ಮುಖ ನೋಡಿ ಹೊಟ್ಟೆ ತುಂಬತೈತೇನು?"

ಅವ್ವ ರೊಟ್ಟಿಯನ್ನು ಹೆಂಚಿಗೆ ಬಡಿದಂತೆ ಹಾಕುತ್ತಿದ್ದಳು. ಆದರೂ ಹೊರಡುವ ದಿನ ಬುತ್ತಿ ಕಟ್ಟುವವಳು ಅವಳೇ.

ಅಂಗಳದ ಆಚೆ ಇನ್ನೊಂದು ಲೋಕವಿತ್ತು. ಹಾಲಪ್ಪನವರನ್ನು ಜಿಪುಣ ಎಂದರೆ ತಪ್ಪಾದೀತು. ಮಗಳ ಮದುವೆಯಲ್ಲಿ ಅವರು ಇಡೀ ಪೇಟೆಗೆ ದಿನಗಟ್ಟಲೆ ಉಣ್ಣಿಸಿದ್ದರು. ಅವರ ಮನೆಯ ಕಂಬಗಳು ನನ್ನ ತೆಕ್ಕೆಗೆ ಸಿಗದಷ್ಟು ದಪ್ಪಗಿದ್ದವು. ಘಾಟಿಗೆ ನನಗೆ ಕೆಮ್ಮು ಹತ್ತಿ ವಾರಗಟ್ಟಲೆ ಮಲಗಿದ್ದಾಗ, ಯಾರೂ ಕೇಳದೆ ಇದ್ದರೂ ಚೀಲಗಳನ್ನು ಆಚೆ ಮೂಲೆಗೆ ಸರಿಸಲು ಹಮಾಲರಿಗೆ ಹೇಳಿದವರು ಅವರೇ. ಆದರೆ ದಾರಿಗೆ ಹಾಕುವ ದುಡ್ಡು ಅವರ ದೃಷ್ಟಿಯಲ್ಲಿ ಹೊಗೆ. ಶಿವಮೊಗ್ಗದ ಮಾರ್ಕೆಟ್ಟಿಗೆ ಅವರು ತಮ್ಮದೇ ಮೆಣಸಿನಕಾಯಿ ಚೀಲಗಳ ಮೇಲೆ, ಲಾರಿಯ ನೆತ್ತಿಯಲ್ಲಿ ಕೂತು ಹೋಗುತ್ತಿದ್ದರು. ವಸ್ತ್ರದಲ್ಲಿ ರೊಟ್ಟಿ, ಚಟ್ನಿಪುಡಿ. ಹೊರಗಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಎಷ್ಟೇ ತಡವಾದರೂ ವಾಪಸು ಬಂದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ತಮ್ಮ ಮನೆಯಲ್ಲೇ ಉಣ್ಣಬೇಕು. ನೆಂಟರಿಲ್ಲದ ಊರಿನಲ್ಲಿ ಅವರು ಒಮ್ಮೆಯೂ ತಂಗಿದವರಲ್ಲ. ನಾವು ಅಜಂತಾದಿಂದ ಬಂದಾಗ ಅವರು ಅಪ್ಪನನ್ನು ನಿಜವಾದ ಕನಿಕರದಿಂದ ಕೇಳಿದ್ದರು.

"ಅಲ್ಲ ಮೇಷ್ಟ್ರೇ, ಅಲ್ಲಿ ನಿಮ್ಮ ಪೈಕಿ ಯಾರೂ ಇಲ್ಲ, ಮದಿವಿಲ್ಲ, ಸಾವಿಲ್ಲ, ಕೋರ್ಟಿನ ಕೆಲಸಿಲ್ಲ. ಯಾಕೆ ಹೋಗಿದ್ರಿ?"

ಗಿರಿಜಮ್ಮ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಅವರು ಸಂತೇಬೆನ್ನೂರಿನ ಮಗಳು. ತವರಿನಿಂದ ನ್ಯಾಮತಿಗೆ, ನ್ಯಾಮತಿಯಿಂದ ತವರಿಗೆ, ನಡುವೆ ಹೊನ್ನಾಳಿಯಲ್ಲಿರುವ ಮಗಳ ಮನೆಗೆ. ಅವರು ಕಂಡ ಭೂಮಿ ಅಷ್ಟು. ನಾವು ಪ್ರವಾಸ ಮುಗಿಸಿ ಬಂದ ಮಾರನೆಯ ದಿನ ಮಧ್ಯಾಹ್ನ, ಸಾವ್ಕಾರರು ಅಂಗಡಿಯಲ್ಲಿರುವ ಹೊತ್ತಿಗೆ, ಹಿತ್ತಿಲ ಮೆಟ್ಟಿಲ ಮೇಲೆ ಶೇಂಗಾ ಸುಲಿಯುತ್ತ ಕೂತು ನನ್ನನ್ನು ಕರೆಯುತ್ತಿದ್ದರು. ನಾನು ಕೆಳಗೆ ಅಂಗಳದಲ್ಲಿ ಕೂರುತ್ತಿದ್ದೆ. ಗುಹೆ, ಬುದ್ಧ, ಚಿತ್ರ ಎಂದು ನಾನು ಶುರುಮಾಡಿದರೆ ಕೈಯಾಡಿಸಿ ನಿಲ್ಲಿಸುತ್ತಿದ್ದರು.

"ಅದಿರ್ಲಿ. ಆ ಕಡೆ ಸಾರಿನಾಗೆ ಏನು ಹಾಕ್ತಾರೆ? ಹೆಂಗಸ್ರು ಹೋಟ್ಲಿನಾಗೆ ಗಂಡಸ್ರ ಎದುರಿಗೇ ತಿಂತಾರಾ? ರೈಲಿನಾಗೆ ಹೆಣ್ಣುಮಕ್ಕಳು ಹೊರಕಡೆಗೆ ಹೋಗಾಕೆ ಹೆಂಗೆ?"

ರೈಲಿನ ಒಳಗೇ ಪಾಯಿಖಾನೆ ಇರುತ್ತದೆ, ಬಾಗಿಲು ಹಾಕಿಕೊಳ್ಳಬಹುದು ಎಂದಾಗ ಅವರು ಶೇಂಗಾ ಸುಲಿಯುವುದನ್ನು ಬಿಟ್ಟು ಬಾಯಿಗೆ ಸೆರಗು ಹಿಡಿದು ನಕ್ಕರು. ಆ ನಗುವಿನಲ್ಲಿ ನಾಚಿಕೆಗಿಂತ ಸಮಾಧಾನ ಹೆಚ್ಚಿತ್ತು. ಹೊರಡುವುದಕ್ಕಿದ್ದ ಒಂದು ದೊಡ್ಡ ಅಡ್ಡಿ ಕಳೆಯಿತು ಎನ್ನುವಂಥ ನಗು. ಮಾತು ಮುಗಿದ ಮೇಲೆ ಹಿಡಿ ಶೇಂಗಾ, ಒಂದು ಚೂರು ಬೆಲ್ಲ ಮೇಲಿನಿಂದ ನನ್ನ ಲಂಗಕ್ಕೆ ಬೀಳುತ್ತಿತ್ತು.

ನಾನು ಮಾಧ್ಯಮಿಕ ಶಾಲೆಗೆ ಸೇರಿದ ವರ್ಷ, ಚಳಿಗಾಲದಲ್ಲಿ, ಗಿರಿಜಮ್ಮ ಎಡಗೈಯಿಂದ ನೀರು ಸೇದತೊಡಗಿದರು. ಹಗ್ಗ ಜಾರುತ್ತಿತ್ತು, ಕೊಡ ಅರ್ಧವೇ ತುಂಬುತ್ತಿತ್ತು. ಅವ್ವ ಕೆಲವು ದಿನ ನೋಡಿದಳು. ಒಂದು ದಿನ ಕೇಳಿಯೇಬಿಟ್ಟಳು. ಗಿರಿಜಮ್ಮ ಸುತ್ತ ನೋಡಿ, ನನ್ನನ್ನು ಮಗು ಎಂದು ಲೆಕ್ಕಕ್ಕೆ ಹಿಡಿಯದೆ, ಬಾವಿಕಟ್ಟೆಯ ಮರೆಯಲ್ಲಿ ಸೆರಗು ಸರಿಸಿ ಬಲಗಡೆಯ ಎದೆ ತೋರಿಸಿದರು. ಕಂಕುಳಿನ ಹತ್ತಿರ ಚರ್ಮ ಒಳಗೆ ಎಳೆದುಕೊಂಡು ಕಪ್ಪಗಾಗಿತ್ತು. ಅವ್ವ ಹಿಡಿದ ಕೊಡ ಓರೆಯಾಗಿ ನೀರು ಅವಳ ಕಾಲ ಮೇಲೆ ಚೆಲ್ಲಿತು.

"ನಮ್ಮ ಮನೇರಿಗೆ ಹೇಳೀನಿ. ಹೊನ್ನಾಳಿ ಡಾಕ್ಟರು ಹುಬ್ಬಳ್ಳಿ ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗ್ರಿ, ಕೊಯ್ದು ತೆಗೀಬೇಕು ಅಂದ್ರಂತೆ. ಇವರು ಹುಬ್ಬಳ್ಳಿ ಅನ್ನೋದೇ ಬ್ಯಾಡ ಅಂತಾರೆ."

ಹಾಲಪ್ಪನವರು ಕೈಕಟ್ಟಿ ಕೂರಲಿಲ್ಲ. ಜಗಳೂರಿನ ಕಡೆಯಿಂದ ಒಬ್ಬ ನಾಟಿವೈದ್ಯನನ್ನು ಕರೆಸಿ, ಮನೆಯಲ್ಲೇ ಇಟ್ಟುಕೊಂಡು, ಹೊಸ ಪಂಚೆ, ಉಂಗುರ, ಹಾಲು ಕೊಡುವ ಹಸು, ಕೇಳಿದ್ದೆಲ್ಲ ಕೊಟ್ಟರು. ಸೊಪ್ಪು ಅರೆದು ಕಟ್ಟಿದ ಪಟ್ಟಿಯ ವಾಸನೆ ಮೆಣಸಿನಕಾಯಿ ಘಾಟನ್ನೂ ಮೀರಿ ನಮ್ಮ ತನಕ ಬರುತ್ತಿತ್ತು. ಗಾಯ ಒಡೆದು ಕೀವಾಯಿತು. ಗಿರಿಜಮ್ಮ ಒಳಗೆ ನರಳುವುದು ಶಾಲೆಗೆ ಹೊರಡುವಾಗಲೂ ಕೇಳುತ್ತಿತ್ತು. ಮಧ್ಯಾಹ್ನದ ಮೆಟ್ಟಿಲು ಬರಿದಾಯಿತು; ನಮಗೆ ನೀರನ್ನು ಅವರ ಮನೆಯ ಆಳು ಸೇದಿ ಹಾಕತೊಡಗಿದ.

ಒಂದು ಭಾನುವಾರ ಅಪ್ಪ ತೊಳೆದ ಅಂಗಿ ಹಾಕಿಕೊಂಡು ಅಂಗಳ ದಾಟಿ ಕಟ್ಟೆಯ ಕೆಳಗೆ ನಿಂತ. ಹಾಲಪ್ಪನವರು ಮೇಲೆ ಕೂತಿದ್ದರು. ನಾನೂ ಅವ್ವನೂ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು.

"ಸಾವ್ಕಾರ್ರೇ, ಅಮ್ಮಾರನ್ನ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಇನ್ನೂ ತಡ ಮಾಡಬ್ಯಾಡ್ರಿ."

"ಕರಕೊಂಡು ಹೋಗಿ ಎಲ್ಲಿ ಇಡ್ಲಿ ಮೇಷ್ಟ್ರೇ? ಅಲ್ಲಿ ನಮ್ಮೋರು ಅಂತ ಒಬ್ರಿಲ್ಲ. ಯಾರೋ ಬೇಯಿಸಿದ್ದು ಉಣ್ಣಬೇಕು, ಯಾರೋ ಮಲಗಿದ್ದ ಮಂಚದಾಗೆ ಮಲಗಬೇಕು, ಗುರ್ತಿಲ್ಲದ ಗಂಡಸ್ರು ಮೈ ಕೊಯ್ತಾರೆ. ಅಲ್ಲೇ ಹೋಗಿಬಿಟ್ರೆ? ಹೆಣ ಬೀದೀಲಿ ತರಬೇಕಾ?"

"ನನಗೆ ದಾರಿ ಗೊತ್ತೈತ್ರಿ. ಉಳಕಳ್ಳಾಕೆ ಧರ್ಮಛತ್ರ ಐತೆ. ನೀವು ಬರಾಕೆ ಆಗದಿದ್ರೆ ನನ್ನ ಹೆಂಡ್ತಿ ಅಮ್ಮಾರ ಜತಿಗಿರ್ತಾಳೆ. ಈ ವರ್ಷದ ರಜಕ್ಕೆ ಅಂತ ದುಡ್ಡು ಇಟ್ಟೀನಿ. ಖರ್ಚು ನಾನು ನೋಡ್ಕಂತೀನಿ."

ಕೊನೆಯ ಮಾತು ಹೇಳಬಾರದಿತ್ತು. ಅಪ್ಪನಿಗೆ ಅದು ತನ್ನಲ್ಲಿದ್ದ ಅತ್ಯಂತ ಬೆಲೆಬಾಳುವ ವಸ್ತುವನ್ನು ಎತ್ತಿ ಕೊಟ್ಟಂತೆ. ರೈಲಿಗೆಂದು ಇಟ್ಟ ಹಣವನ್ನು ಅವನು ಸ್ವಂತ ಹೆಂಡತಿಯ ಸೈಟಿಗೂ ಕೊಟ್ಟವನಲ್ಲ. ಹಾಲಪ್ಪನವರ ಕಿವಿಗೆ ಅದು ಬೇರೆಯಾಗಿ ಬಿತ್ತು. ಅವರು ಎದ್ದು ನಿಂತರು. ಅಷ್ಟು ವರ್ಷ 'ನೀವು' ಅನ್ನುತ್ತಿದ್ದವರು ಮೊದಲ ಬಾರಿಗೆ ಏಕವಚನಕ್ಕೆ ಇಳಿದರು.

"ನನ್ನ ಹೆಂಡ್ತೀನ ನೀನು ನಿನ್ನ ದುಡ್ಡಿನಾಗೆ ಊರೂರು ತಿರುಗಿಸ್ತೀಯಾ? ನಾನು ಸತ್ತೀನಾ? ಅಮಾಸೆ ಒಳಗೆ ಗೋದಾಮು ಖಾಲಿ ಮಾಡು."

ಅಪ್ಪ ವಾಪಸು ಬಂದು ಬಾಗಿಲ ಬಳಿ ಕೂತ. ಅವ್ವ ಬೈಯುತ್ತಾಳೆ ಎಂದು ನಾನು ಕಾದೆ. ಇದ್ದ ನೆರಳೂ ಹೋಯಿತು, ಅದೂ ಮತ್ತೊಬ್ಬರ ದಾರಿ ಖರ್ಚಿಗಾಗಿ! ಅವಳು ಅವನ ಮುಂದೆ ನೀರಿನ ಚೊಂಬು ಇಟ್ಟಳು.

ಎರಡು ದಿನ ನಮಗೆ ನೀರು ಸೇದಿ ಹಾಕಲು ಯಾರೂ ಬರಲಿಲ್ಲ. ಮೂರನೆಯ ದಿನ, ಸಾವ್ಕಾರರು ಸಂತೆಗೆ ಹೋದ ಮೇಲೆ, ಗಿರಿಜಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಅವ್ವನನ್ನು ಕೇಳಿದರು.

"ಹನುಮಕ್ಕ, ಬಸ್ಸು ಎಷ್ಟೊತ್ತಿಗೆ?"

ಅವ್ವ ನಿಂತಲ್ಲೇ ಅಪ್ಪನ ಕಡೆ ತಿರುಗಿದಳು.

"ಆ ರಜದ ದುಡ್ಡು ತಗಳ್ರಿ."

ನನ್ನೊಬ್ಬಳನ್ನೇ ಬಿಡಲಾರದೆ ಜೊತೆಗೆ ಕರೆದುಕೊಂಡರು. ಬಸ್ಸಿನಲ್ಲಿ ಅವ್ವ ಮತ್ತು ಗಿರಿಜಮ್ಮ ಒಂದೇ ಸೀಟು. ಕೂರುವಾಗ ಗಿರಿಜಮ್ಮ ರೂಢಿಯಂತೆ ಸೆರಗನ್ನು ತಮ್ಮ ಕಡೆ ಎಳೆದುಕೊಂಡರು. ಊರು ದಾಟಿದ ಮೇಲೆ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಾಗ ನೋವಿಗೆ ಚೀರಿ ಅವ್ವನ ತೋಳು ಹಿಡಿದರು. ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. ಚೀಲದಿಂದ ಶೇಂಗಾಹೋಳಿಗೆ ತೆಗೆದು ನನಗೆ ಕೊಟ್ಟರು. ಮೇಲಿನಿಂದ ಬಿಡದೆ ಅಂಗೈಗೇ ಇಟ್ಟರು. ಹೊನ್ನಾಳಿವರೆಗಿನ ದಾರಿ ಅವರಿಗೆ ಗೊತ್ತಿದ್ದದ್ದೇ, ಆದರೂ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಹೊನ್ನಾಳಿಯಿಂದ ಮುಂದೆ ದಾರಿ ಯಾವ ಕಡೆ ಹೊಳ್ಳತೈತೆ? ರೈಲು ಎಲ್ಲಿ ಸಿಗತೈತೆ?"

"ಹರಿಹರದಾಗೆ ರೀ," ಎಂದು ನಾನು ಹೇಳಿದೆ. "ಅಲ್ಲಿ ಸ್ಟೇಷನ್ನು ಐತೆ."

"ನಾ ಹೆದರಿಕಂಡ್ರೆ ನೀ ನಗಬಾರ್ದು ನೋಡು."

ನಾವು ಬಸ್ಸು ಹತ್ತಿದ್ದನ್ನು ಕಂಡವರು ಸಾವ್ಕಾರರಿಗೆ ತಿಳಿಸಿದ್ದರು; ಅವರು ಹೊನ್ನಾಳಿಯ ಅಳಿಯನ ಅಂಗಡಿಗೆ ಫೋನು ಮಾಡಿಸಿದ್ದರು. ಬಸ್ಸು ನಿಂತಾಗ ಅಳಿಯ ಕೆಳಗೆ ಕಾಯುತ್ತಿದ್ದ. ಕೂಗಾಡಲಿಲ್ಲ. ಒಳಗೆ ಹತ್ತಿ ಬಂದು, ಅವ್ವನ ತೋಳು ಹಿಡಿದಿದ್ದ ಕೈಯನ್ನು ನೋಡಿ, ಅತ್ತೆಗೆ ಮಾತ್ರ ಕೇಳುವಂತೆ ಬಾಗಿ ಹೇಳಿದ. ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿತು.

"ಅತ್ತೇರೇ, ಇವರ ಜತೆ, ಇವರ ದುಡ್ಡಿನಾಗೆ ಹೋಗೋದಾದ್ರೆ ಹೋಗ್ರಿ. ನಿಮ್ಮ ಮಗಳನ್ನೂ ಕರಕೊಂಡೇ ಹೋಗ್ರಿ. ತಿರುಗಿ ನಮ್ಮನೆಗೆ ಕಳಿಸಬ್ಯಾಡ್ರಿ."

ಗಿರಿಜಮ್ಮ ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡರು. ಅಪ್ಪ ಎದ್ದು ಏನೋ ಹೇಳಲು ಹೋದ. ಅವರು ಕೈ ಎತ್ತಿ ಬೇಡವೆಂದರು.

"ಇಳೀತೀನಿ ಹನುಮಕ್ಕ. ಮಗಳ ಬಾಳ್ವೆ ಐತೆ."

ಅವ್ವ ಬಿಡಲಿಲ್ಲ. "ನಿಮ್ಮ ಬಾಳ್ವೆ?" ಎಂದಳು. ಅಳಿಯ ಚೀಲ ತೆಗೆದುಕೊಂಡು ಮುಂದೆ ನಡೆದ. ಗಿರಿಜಮ್ಮ ಒಂದೊಂದೇ ಸೀಟು ಹಿಡಿದುಕೊಂಡು ಬಾಗಿಲ ತನಕ ಹೋಗಿ ಇಳಿದರು. ಹರಿಹರದ ಬಸ್ಸಿನ ಕಂಡಕ್ಟರು ಪಕ್ಕದಲ್ಲೇ ಊರಿನ ಹೆಸರು ಕೂಗುತ್ತಿದ್ದ. ನಾವು ಮಧ್ಯಾಹ್ನದವರೆಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಮಗಳು ಗಂಡನಿಗೆ ಬುದ್ಧಿ ಹೇಳಿ ತಾಯಿಯನ್ನು ಕಳಿಸಬಹುದೆಂದು ಅವ್ವ ನಂಬಿದ್ದಳು. ಯಾರೂ ಬರಲಿಲ್ಲ. ಆ ಮಗಳನ್ನು ನಾನು ಎಷ್ಟೋ ವರ್ಷ ದ್ವೇಷಿಸಿದೆ. ಬಾಗಿಲ ಹೊರಗೆ ಕಾಲಿಡಲು ಅವಳಿಗೂ ಅಪ್ಪಣೆ ಬೇಕಿತ್ತು ಎಂಬುದು ಹೊಳೆದದ್ದು ನಾನೂ ಮದುವೆಯಾದ ಮೇಲೆ.

ನಾವು ಗೋದಾಮು ಬಿಟ್ಟು ಊರ ಹೊರಗಿನ ಕೇರಿಯಲ್ಲಿ ಒಂದು ಕೋಣೆ ಹಿಡಿದೆವು. ನೀರಿಗೆ ಹಳ್ಳದತನಕ ನಡೆಯಬೇಕಿತ್ತು, ಆದರೆ ಅವ್ವ ತನ್ನ ಕೊಡವನ್ನು ತಾನೇ ತುಂಬಿಕೊಳ್ಳುತ್ತಿದ್ದಳು. ಆ ಬೇಸಿಗೆ ಅಪ್ಪ ಎಲ್ಲಿಗೂ ಹೊರಡಲಿಲ್ಲ. ದುಡ್ಡನ್ನು ಅವ್ವನ ಮುಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ. ಕೊನೆಗೆ ನನ್ನ ಹಾಸ್ಟೆಲಿಗೆ ಹೋಯಿತು. ಸೈಟು ಕೊಳ್ಳುವ ಮಾತು ಮತ್ತೆ ಏಳಲಿಲ್ಲ. ಇಂದಿಗೂ ಟಿಕೇಟಿನ ಸಾಲಿನಲ್ಲಿ ನಿಂತಾಗ ನನ್ನೊಳಗೆ ಜಗಳ ಏಳುತ್ತದೆ. ಅಪ್ಪನಂತೆ ಹೊರಡುವ ಆಸೆ, ಅವ್ವನಂತೆ ಬೇರು ಕೀಳುವ ಭಯ, ಹಾಲಪ್ಪನವರಂತೆ 'ಅಲ್ಲಿ ನಿನ್ನವರು ಯಾರಿದ್ದಾರೆ' ಎಂಬ ಪ್ರಶ್ನೆ. ಯಾರ ಮಾತನ್ನೂ ಸುಳ್ಳೆನ್ನಲು ನನ್ನಿಂದ ಆಗಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಗಿರಿಜಮ್ಮ ತೀರಿಕೊಂಡರು. ಅವರ ಹೆಸರಿನ ಶಿವಗಣಾರಾಧನೆಯಲ್ಲಿ ಹಾಕಿದಂಥ ಊಟವನ್ನು ನ್ಯಾಮತಿ ಕಂಡಿರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಸಂತೇಬೆನ್ನೂರು, ತ್ಯಾವಣಿಗೆ, ಚನ್ನಗಿರಿ, ಜಗಳೂರು, ಎಲ್ಲೆಲ್ಲಿ ನೆಂಟರಿದ್ದರೋ ಅಲ್ಲಿಗೆಲ್ಲ ಹಾಲಪ್ಪನವರು ಬಾಡಿಗೆ ಜೀಪು, ವ್ಯಾನು, ಕಾರು ಕಳಿಸಿ ಕರೆಸಿದರು. ಬೀದಿಯ ಎರಡೂ ಬದಿಗೆ ವಾಹನಗಳು ನಿಂತು ಎತ್ತಿನ ಗಾಡಿ ಹೋಗಲೂ ಜಾಗವಿರಲಿಲ್ಲ. ಅವ್ವ ಬರಲೊಪ್ಪಲಿಲ್ಲ. "ಆಯಮ್ಮ ನೋವು ಉಂಡಿದ್ದೇ ಸಾಕು, ಆ ಊಟ ನಂಗೆ ಬ್ಯಾಡ" ಎಂದು ಒಲೆಯ ಕಡೆ ತಿರುಗಿದಳು. ಅಪ್ಪ ನನ್ನನ್ನು ಕರೆದುಕೊಂಡು ಹೋದ. ನಮ್ಮ ಕೇರಿಯವರ ಪಂಕ್ತಿಯನ್ನು ಗಾಡಿಕೊಟ್ಟಿಗೆಯ ಹಿಂದೆ ಹಾಕಿದ್ದರು. ಅಪ್ಪ ಅಲ್ಲಿಗೆ ಹೋಗದೆ, ಕಟ್ಟೆಯ ಕೆಳಗೆ, ಆ ಭಾನುವಾರ ನಿಂತಿದ್ದ ಜಾಗದ ಹತ್ತಿರವೇ ನಿಂತ.

ಹಾಲಪ್ಪನವರು ನಮ್ಮನ್ನು ಕಂಡರು. ಬೈದು ಕಳಿಸುತ್ತಾರೆಂದು ನಾನು ಅಪ್ಪನ ಕೈ ಹಿಡಿದುಕೊಂಡೆ. ಅವರು ಮೆಟ್ಟಿಲಿಳಿದು ಬಂದರು. ಗಡ್ಡ ಬೆಳೆದಿತ್ತು, ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಊಟವಾಯಿತೇ ಎಂದೂ ಕೇಳಲಿಲ್ಲ. ತುಂಬ ದಿನದಿಂದ ಯಾರನ್ನೋ ಕೇಳಬೇಕೆಂದು ಇಟ್ಟುಕೊಂಡಿದ್ದನ್ನು ಕೇಳಿದಂತೆ ಕೇಳಿದರು.

"ಹುಬ್ಬಳ್ಳಿಗೆ ಎಷ್ಟೊತ್ತಿನ ದಾರಿ, ಮೇಷ್ಟ್ರೇ?"

ಅಪ್ಪ ಹೇಳಿದ.

"ಮೊದಲ ಬಸ್ಸಿಗೆ ಹೊಂಟ್ರೆ ಹೊತ್ತು ಮುಳುಗೋದ್ರೊಳಗೆ ಮುಟ್ಟಬೋದ್ರಿ."

ಹಾಲಪ್ಪನವರು ಬೀದಿಯಲ್ಲಿ ಸಾಲಾಗಿ ನಿಂತ ಜೀಪುಗಳ ಕಡೆ ನೋಡಿದರು. ಆಮೇಲೆ ಅಪ್ಪನ ಮುಖ ನೋಡಿದರು.

"ಅಷ್ಟೇನಾ?"

"ಅಷ್ಟೇ ರೀ."

ಪಂಕ್ತಿಗೆ ತುಪ್ಪ ಬಡಿಸಬೇಕು, ಯಜಮಾನರು ಬರಬೇಕು ಎಂದು ಒಳಗಿನಿಂದ ಯಾರೋ ಕೂಗಿದರು. ಹಾಲಪ್ಪನವರು ಕದಲಲಿಲ್ಲ. ಒಳಗಿನವರು ಮತ್ತೊಮ್ಮೆ ಕೂಗಿದರು.